ಕ್ಲಚ್ಚಿಲ್ಲದ ಕಾರು

ಹಗ್ಗ ಮತ್ತೆ ಸಡಿಲಾಯಿತು, ಈಗ ಜಗ್ಗುತ್ತದೆ ನೋಡು, ಜಗ್ಗಿತು, ಹಲ್ಲಿಗೆ ಹಲ್ಲು ತಾಕಿತು, ಮುಂದೆ ಟ್ರ್ಯಾಕ್ಟರಿನ ಮೇಲಿಂದ ನಮ್ಮ ಗಿರಣಿಯ ಆಳು ಎರ್ರೆಪ್ಪ ಹಿಂತಿರುಗಿ ಕೈ ಎತ್ತುತ್ತಾನೆ, ಏನೂ ಆಗಲಿಲ್ಲ ಎನ್ನುವ ಹಾಗೆ, ಮಾವ ಸ್ಟೇರಿಂಗಿನಿಂದ ಎರಡು ಬೆರಳೆತ್ತಿ ಉತ್ತರ ಕೊಡುತ್ತಾರೆ, ಹೌದು, ಏನೂ ಆಗಲಿಲ್ಲ, ಹನ್ನೆರಡು ವರ್ಷ ತಾನಾಗಿ ಓಡಿದ ಕಾರು ಇವತ್ತು ಟ್ರ್ಯಾಕ್ಟರಿನ ಹಿಂದೆ ಹೊಸಪೇಟೆ ದಾಟಿ ಬಂತು, ಅಷ್ಟೆ, ಬಸ್ ಸ್ಟ್ಯಾಂಡಿನ ಮುಂದೆ ಯಾವನೋ ಕೂಗಿದ, ಏನ್ರಿ ಸಾವ್ಕಾರ್ರ, ವಿಮಾನಕ್ಕ ಹಗ್ಗ ಕಟ್ಟೀರಲ್ಲ, ಮಾವ ನಕ್ಕರು, ನಾನು ಮುಖ ತಿರುಗಿಸಿ ಬಾಳೆಹಣ್ಣಿನ ಅಂಗಡಿ ನೋಡಿದೆ, ಗೊನೆಗಳನ್ನು ಎಣಿಸುವವನ ಹಾಗೆ ನೋಡಿದೆ. ಈಗ ಕಮಲಾಪುರವೂ ಹಿಂದೆ ಬಿತ್ತು. ಕೆರೆಯ ಗಾಳಿ ಕಿಟಕಿಯೊಳಗೆ ಬಂದು ಹೋಯಿತು, ಆದರೂ ಸುಟ್ಟ ವಾಸನೆ ಹೋಗಲಿಲ್ಲ, ಮಾವನಿಗೆ ಅದು ಬರುತ್ತಿದೆಯೋ ಇಲ್ಲವೋ, ನನಗಂತೂ ನನ್ನ ಅಂಗಿಯಿಂದಲೇ ಬರುತ್ತಿದೆ. ಬುಕ್ಕಸಾಗರ, ಆಮೇಲೆ ರಾಮಸಾಗರ, ಆಮೇಲೆ ಕಂಪ್ಲಿ. ಅಷ್ಟರೊಳಗೆ ಹೇಳಬೇಕು. ಹೊಸಪೇಟೆಯ ರೈಲ್ವೆ ಗೇಟಿನಲ್ಲಿ ಹೇಳಬೇಕು ಅಂದುಕೊಂಡಿದ್ದೆ, ಗೇಟು ತೆಗೆದುಬಿಟ್ಟರು, ಅನಂತಶಯನಗುಡಿಯ ಹತ್ತಿರ ಅಂದುಕೊಂಡೆ, ಎದುರಿಗೆ ಕಬ್ಬಿನ ಗಾಡಿಗಳು ಬಂದವು, ನೆಪಕ್ಕೇನು ಬರ ನನಗೆ. ಹೇಳಬೇಕಾದ್ದು ದೊಡ್ಡದಲ್ಲ. ಮಾವ, ಈ ಕಾರು ಕೆಡಿಸಿದವನು ನಾನು, ನೀವಲ್ಲ. ಮಾವ, ನೀವು ಕೆಡಿಸಿದಿರಿ ಅಂತ ನಿನ್ನೆ ನಾನು ಹೇಳಿದ್ದು ಸುಳ್ಳು. ಎರಡೇ ಮಾತು, ಮಗುವೂ ಹೇಳಬಹುದು.

ಮಾವ ಅಂದರೆ ನಮ್ಮಕ್ಕನ ಗಂಡ, ಗಾದಿಲಿಂಗಪ್ಪ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಕಾಲುವೆ ಕೆಳಗೆ ಗದ್ದೆ, ನನ್ನನ್ನು ಹನ್ನೊಂದನೇ ವಯಸ್ಸಿಗೆ ತಂದಿಟ್ಟುಕೊಂಡು ಅನ್ನ ಹಾಕಿದವರು, ನಟ್ಟು ಬಿಚ್ಚುವ ಮೊದಲ ಪಾನಾ ಕೈಗೆ ಕೊಟ್ಟವರು, ಹಿಡಿ ಪಕ್ಕೀರ, ಓದು ನಿನಗ ಹತ್ತಂಗಿಲ್ಲ, ಇದಾರ ಹತ್ತೀತು ಅಂದವರು. ಹತ್ತಿತು. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಗಿರಣಿಯ ಎಣ್ಣೆ ಎಂಜಿನ್ನು, ಸದ್ದು ಕೇಳಿದರೆ ಸಾಕು ಎಲ್ಲಿ ನೋವು ಅಂತ ಹೇಳುತ್ತೇನೆ, ಸಿರುಗುಪ್ಪದಿಂದ ಜನ ಬರುತ್ತಾರೆ ಪಕ್ಕೀರಪ್ಪನೇ ಬೇಕು ಅಂತ, ಆ ಸೊಕ್ಕು ತಲೆಗೇರಿದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ. ಗಿರಣಿಯ ಬೆಲ್ಟು ಮಾವನ ಪಂಚೆಯ ಚುಂಗು ಹಿಡಿದು ಎಡಗಾಲನ್ನು ಎಳೆದುಕೊಂಡ ದಿನ ನಾನೇ ಓಡಿಹೋಗಿ ಎಂಜಿನ್ ಬಂದ್ ಮಾಡಿದ್ದು, ಮೊಣಕಾಲ ಕೆಳಗೆ ಏನೂ ಉಳಿಯಲಿಲ್ಲ, ಮದರಾಸಿನಲ್ಲಿ ಮರದ ಕಾಲು ಮಾಡಿಸಿದರು, ಅದಕ್ಕೊಂದು ಕರಿ ಬೂಟು. ಆಮೇಲೆ ಎರಡು ವರ್ಷ ಅವರನ್ನು ಹಮಾಲರು ಎತ್ತಿ ಗಾಡಿಗೆ ಹತ್ತಿಸುವುದು, ಎತ್ತಿ ಇಳಿಸುವುದು, ನೂರು ಮೂಟೆ ಬತ್ತ ತೂಗಿಸುವ ಗಂಡಸು ತಾನೇ ಮೂಟೆಯಾದೆನಲ್ಲ ಅಂತ ಅಕ್ಕನ ಮುಂದೆ ಒಮ್ಮೆ ಅಂದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಅಷ್ಟರಲ್ಲಿ ಯಾರೋ ಹೇಳಿದರು, ಮದರಾಸಿನಲ್ಲಿ ಒಂದು ಹಳೇ ಅಮೆರಿಕದ ಕಾರು ಮಾರಾಟಕ್ಕಿದೆ, ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನೇ ಬೀಳುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಎಡಗಾಲಿಗೆ ಕೆಲಸವಿಲ್ಲ ಎನ್ನುವ ಮಾತಿಗೆ ಮಾವನ ಮುಖ ಹೇಗಾಯಿತು, ಆ ವರ್ಷ ಬತ್ತ ಚೆನ್ನಾಗಿ ಬಂದಿತ್ತು, ಹೋಗಿ ತಂದೇಬಿಟ್ಟರು, ತಿಳಿ ಹಸಿರು ಬಣ್ಣ, ಮಂಚದಷ್ಟು ಅಗಲದ ಸೀಟು. ಸ್ಟೇರಿಂಗಿನ ಹತ್ತಿರ ಒಂದು ಕಡ್ಡಿಗೇರು, ಅದರ ಮೇಲೆ ಐದು ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಬಾರದ ಮಾವ ಅವಕ್ಕೆ ತಮ್ಮದೇ ಹೆಸರಿಟ್ಟರು, ಹೊಟ್ಟೆ ಬಂದ ಅಕ್ಷರಕ್ಕೆ ತಂದರೆ ಮುಂದಕ್ಕೆ, ಕಾಲು ಚಾಚಿದ ಅಕ್ಷರಕ್ಕೆ ತಂದರೆ ಹಿಂದಕ್ಕೆ. ಮೊದಲ ದಿನ ಗಿರಣಿಯ ಅಂಗಳದಲ್ಲಿ ಹೊಟ್ಟೆ ಬಂದದ್ದಕ್ಕೆ ಹಾಕಿ ಬಲಗಾಲು ಒತ್ತಿದರು, ಕಾರು ಹೊರಟಿತು, ಹಮಾಲರು ಚಪ್ಪಾಳೆ ಹೊಡೆದರು, ಅವತ್ತಿನಿಂದ ಅವರನ್ನು ಯಾರೂ ಎತ್ತಲಿಲ್ಲ. ಹಂಪಿಗೆ ಬೀಗರನ್ನು ಕರೆದೊಯ್ದದ್ದು, ಬಳ್ಳಾರಿಗೆ ಹೆರಿಗೆಯ ಹೆಂಗಸರನ್ನು ಸಾಗಿಸಿದ್ದು, ಅರ್ಧ ಊರು ಕೂತಿದೆ ಈ ಸೀಟಿನಲ್ಲಿ, ಅದೇ ಸೀಟಿನಲ್ಲಿ ನಾನೀಗ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದೇನೆ.

ಕಾರಿನ ಗೇರ್ ಪೆಟ್ಟಿಗೆಗೆ ಮಾತ್ರ ನನ್ನ ಕೈ ಹಚ್ಚಿಸುತ್ತಿರಲಿಲ್ಲ. ಅದಕ್ಕೆ ಬಳ್ಳಾರಿಯಿಂದ ಒಬ್ಬ ಮಿಸ್ತ್ರಿ ವರ್ಷಕ್ಕೊಮ್ಮೆ ಬರುತ್ತಿದ್ದ, ಬೆಳ್ಳಗಿನ ಪೈಜಾಮ, ಕೈಗೆ ಎಣ್ಣೆ ಅಂಟಿಸಿಕೊಳ್ಳದ ಮನುಷ್ಯ, ನೋಡಬಾರದು ಅಂತ ನನ್ನನ್ನು ಚಹ ತರಲು ಕಳಿಸುತ್ತಿದ್ದ, ಮೂವತ್ತೈದು ವರ್ಷದವನನ್ನು, ಚಹಕ್ಕೆ! ಹೋದ ವಾರ ಕಾರು ಗೇರು ಬದಲಿಸುವಾಗ ಸ್ವಲ್ಪ ಕುಲುಕತೊಡಗಿತು, ಮಾವ ಅಂದರು, ವಿರುಪಮ್ಮನ್ನ ಕಳಿಸೋದದ, ಮಿಸ್ತ್ರಿನ್ನ ಕರಿಸೋಣೇನು. ವಿರುಪಮ್ಮ ಮಾವನ ಒಬ್ಬಳೇ ಮಗಳು, ಬಾಣಂತನ ಮುಗಿದು ಕೂಸಿಗೆ ಐದು ತಿಂಗಳು, ತೊಟ್ಟಿಲ ಸಮೇತ ದೋಣಿಮಲೈಗೆ, ಗಂಡನ ಕ್ವಾರ್ಟರ್ಸಿಗೆ ಕಳಿಸಬೇಕು, ಕೂಸು ಹುಟ್ಟಿದ ದಿನವೇ ಮಾವ ಸಾರಿದ್ದರು, ನನ್ನ ಮೊಮ್ಮಗನ್ನ ನಾನೇ ಓಡಿಸಿಗೊಂಡು ಹೋಗಿ ಅವರ ಬಾಗಿಲಿಗೆ ಬಿಡ್ತೀನಿ. ಮಿಸ್ತ್ರಿ ಯಾಕ ಬೇಕ್ರಿ ಮಾವ, ನಾ ಇಲ್ಲೇನು, ಎಣ್ಣಿ ಬದ್ಲಿ ಮಾಡಿದ್ರ ಆತು ಅಂದೆ. ನಿನಗ ಗೊತ್ತಿದ್ರ ಮಾಡಪ, ಇಲ್ಲಂದ್ರ ಕೈ ಹಚ್ಚಬ್ಯಾಡ, ಅಂದರು, ಇಷ್ಟು ಸರಳವಾಗಿ ಅಂದರು. ಗೊತ್ತದ ಬಿಡ್ರಿ ಅಂದೆ. ಏನು ಗೊತ್ತಿತ್ತು? ಮೊನ್ನೆ ಮಧ್ಯಾಹ್ನ ಗಿರಣಿಯ ಹಿಂದೆ ಕಾರನ್ನು ದಿಮ್ಮಿಗಳ ಮೇಲೆ ಏರಿಸಿ, ನಮ್ಮ ರೂಢಿಯಂತೆ ಕೆಳಗೆಲ್ಲ ಬತ್ತದ ಹೊಟ್ಟು ಹರವಿದೆ, ಎಣ್ಣೆ ಬಿದ್ದರೆ ಹೊಟ್ಟು ಕುಡಿಯಲಿ, ನೆಲ ಕೆಡಬಾರದು ಅಂತ. ತಳದ ತಟ್ಟೆ ಬಿಚ್ಚಿದೆ, ಕೆಂಪು ಎಣ್ಣೆ, ಕುಂಕುಮ ಕದಡಿದ ಹಾಗೆ, ಅದನ್ನು ಡಬ್ಬಿಗೆ ಹಿಡಿದೆ, ಸರಿ. ಆಮೇಲೆ ಮುಂದಿನ ದುಂಡನೆಯ ಭಾಗಕ್ಕೂ ಒಂದು ಬಿರಡೆ ಕಂಡಿತು, ಮಾಡುವುದಾದರೆ ಪೂರ್ತಿ ಮಾಡಬೇಕು, ಆ ಪೈಜಾಮದವನು ಇದನ್ನು ಎಂದಾದರೂ ಬಿಚ್ಚಿದ್ದನೋ ಇಲ್ಲವೋ, ಬಿಚ್ಚಿಬಿಟ್ಟೆ, ಅದರ ಎಣ್ಣೆ ಬುಳುಬುಳು ಸುರಿದು ಸೀದಾ ಹೊಟ್ಟಿನೊಳಗೆ ಇಳಿಯಿತು, ಎಷ್ಟು ಇಳಿಯಿತು ಅಂತ ಯಾರು ನೋಡಿದರು, ಹೊಟ್ಟು ಕುಡಿದು ಸುಮ್ಮನಿತ್ತು. ಡಬ್ಬಿಗೆ ಬಿದ್ದದ್ದನ್ನು ಅಳೆದೆ, ಮಿಸ್ತ್ರಿ ಇಟ್ಟುಹೋಗಿದ್ದ ಹೊಸ ಎಣ್ಣೆಯನ್ನು ಅಷ್ಟೇ ಹಾಕಿದೆ, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ, ಚಾಲೂ ಮಾಡುವ ಮೊದಲು, ಎಣ್ಣೆ ಅಳೆಯುವ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದೆ, ಗೆರೆಗೆ ಸರಿಯಾಗಿತ್ತು. ಟ್ರ್ಯಾಕ್ಟರಿಗೆ ಹಾಗೆಯೇ ನೋಡುವುದು, ಪಂಪ್‌ಸೆಟ್ಟಿಗೂ ಹಾಗೆಯೇ. ಇಪ್ಪತ್ತು ವರ್ಷ ಹಾಗೆಯೇ ನೋಡಿದ್ದೇನೆ. ನೋಡ್ರಿ ಮಾವ, ಗೆರಿಗೆ ಬರೋಬ್ಬರಿ ಅದ, ಅಂತ ಕಡ್ಡಿಯನ್ನು ಅವರ ಮುಖದ ಹತ್ತಿರ ಹಿಡಿದು ತೋರಿಸಿದೆ, ಅವರು ಕನ್ನಡಕ ಹಾಕಿಕೊಂಡು ನೋಡಿ, ಭೇಷ್ ಅಂದರು.

ಆ ಭೇಷ್ ನಿನ್ನೆ ಬೆಳಿಗ್ಗೆ. ತೊಟ್ಟಿಲನ್ನು ಕಾರಿನ ಮೇಲೆ ಬಿಗಿದು, ಹಿಂದೆ ಅಕ್ಕ, ವಿರುಪಮ್ಮ, ಕೂಸು, ಮುಂದೆ ನಾನು, ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಎಣ್ಣೆ ಹಚ್ಚಿ ತಲೆ ಬಾಚಿದ್ದರು, ಹೊಸಪೇಟೆಯ ತನಕ ಕಾರು ಕುಲುಕಲೇ ಇಲ್ಲ, ನೋಡಿದಿರಾ ಅಂತ ನಾನು ಮೂರು ಸಲ ಕೇಳಿದೆ, ಮೂರು ಸಲ! ಸಂಡೂರಿನ ದಾರಿ ಹಿಡಿದು ಏರು ಶುರುವಾದಾಗ ಎಂಜಿನ್ ಒಮ್ಮೆ ಸುಮ್ಮಸುಮ್ಮನೆ ಕೂಗಿತು, ಗಾಲಿಗೆ ಬಲ ಬರಲು ಒಂದು ಕ್ಷಣ ತಡವಾಯಿತು. ಏನೋ ಜಾರಿದಂಗ ಆತಲ್ಲೋ, ಅಂದರು ಮಾವ. ಹೊಸ ಎಣ್ಣಿ ಅಲ್ರಿ, ಹೊಂದಿಕೋಬೇಕು, ಅಂದೆ. ಅಲ್ಲಿ ನಿಲ್ಲಿಸಿದ್ದರೆ. ಇಳಿದು ನೋಡೋಣ ಅಂದಿದ್ದರೆ, ಒಂದೆರಡು ಡಬ್ಬಿ ಎಣ್ಣೆ ಸಾಕಾಗುತ್ತಿತ್ತು. ನಾನು ಕೂಸಿಗೆ ಗುಡ್ಡ ತೋರಿಸುತ್ತಾ ಕೂತೆ. ಸಂಡೂರು ದಾಟಿ ದೋಣಿಮಲೈ ಏರು, ಅದಿರಿನ ಕೆಂಪು ಧೂಳು, ಅರ್ಧ ಏರಿನಲ್ಲಿ ಕಾರು ನಿಂತಿತು. ಎಂಜಿನ್ ಕೂಗುತ್ತದೆ, ಕಾರು ಹೋಗುವುದಿಲ್ಲ. ಮಾವ ಮತ್ತೆ ಹೊಟ್ಟೆ ಬಂದ ಅಕ್ಷರಕ್ಕೆ ಹಾಕಿದರು, ಒತ್ತಿದರು, ಇಲ್ಲ, ಮತ್ತೆ ಹಾಕಿದರು, ನಿಧಾನ, ಪೂಜೆಗೆ ಹೂವಿಡುವಷ್ಟು ನಿಧಾನ, ಇಲ್ಲ. ಹಿಂದೆ ಅದಿರಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು, ಕೂಸು ಅತ್ತಿತು. ಗಣಿಯ ಸ್ಟಾಫ್ ಬಸ್ಸೊಂದು ಬಂತು, ಅದರವರು ಪಾಪ ತೊಟ್ಟಿಲನ್ನು ಮೇಲೆ ಹಾಕಿಕೊಂಡರು, ಅಕ್ಕನೂ ವಿರುಪಮ್ಮನೂ ಹತ್ತಿದರು, ಮಾವ ಮೊಮ್ಮಗನ ತಲೆ ಮುಟ್ಟಿ ಕಳಿಸಿ ಆಚೆ ಬದಿಯ ಕಲ್ಲಿನ ಮೇಲೆ ಹೋಗಿ ಕೂತರು. ಆ ಬಸ್ಸಿನಿಂದ ಇಳಿದವನೊಬ್ಬ ನನ್ನ ಹತ್ತಿರ ಬಂದ, ಕೊಟ್ರಯ್ಯ ಅಂತೆ ಹೆಸರು, ಗಣಿಯಲ್ಲಿ ಡಂಪರ್ ಓಡಿಸುವವನು, ಡಂಪರಿಗೂ ಇಂಥದೇ ಗೇರ್ ಪೆಟ್ಟಿಗೆಯಂತೆ. ಕಡ್ಡಿ ಎಳೆದು ಮೂಗಿಗೆ ಹಿಡಿದ. ಗೇರಿನ ಒಳಗಿನ ಪ್ಲೇಟ್ ಸುಟ್ಟಾವ್ರಿ, ಅಂದ. ಎಣ್ಣಿ ಯಾವಾಗ ನೋಡಿದ್ರಿ? ಮುಂಜಾನಿ. ಎಂಜಿನ್ ಚಾಲೂ ಇತ್ತೋ ಬಂದ್ ಇತ್ತೋ? ಬಂದ್ ಇತ್ತು. ಅವನು ನನ್ನನ್ನು ನೋಡಿದ ರೀತಿ, ಬೈಯಲಿಲ್ಲ, ಮರುಗಿದ. ಇದನ್ನ ಬಿಸಿ ಆದ ಮ್ಯಾಲೆ, ಚಾಲೂ ಇದ್ದಾಗ ನೋಡಬೇಕ್ರಿ, ಬಂದ್ ಇದ್ದಾಗ ಎಲ್ಲಾ ಎಣ್ಣಿ ತಳದಾಗ ಕುಂತಿರ್ತೈತಿ, ಚಾಲೂ ಆದ ಕೂಡ್ಲೆ ಮ್ಯಾಲೆ ಹೋಗ್ತೈತಿ, ತಳ ಖಾಲಿ, ನೀವು ಅರ್ಧ ಎಣ್ಣಿ ಮ್ಯಾಲೆ ಗುಡ್ಡ ಹತ್ತಿಸೀರಿ. ಹೊಟ್ಟು ಕುಡಿದದ್ದು ಆಗ ನೆನಪಾಯಿತು. ಮಾವ ಕೇಳಿಸಿಕೊಂಡರೇನೋ ಅಂತ ರಸ್ತೆಯಾಚೆ ನೋಡಿದೆ, ಇಲ್ಲ, ಲಾರಿಗಳ ಸದ್ದು. ಎಳಕೊಂಡು ಹೋಗೋದಿದ್ರ ಹಿಂದಿನ ಶಾಫ್ಟ್ ಬಿಚ್ರಿ ಅಂತ ಅವನೇ ಹೇಳಿ, ಅವನೇ ಕೈ ಹಚ್ಚಿ ಬಿಚ್ಚಿಸಿ, ಇನ್ನೊಂದು ಬಸ್ಸಿಗೆ ಹೋದ.

ಆಮೇಲೆ ಮಾವ ರಸ್ತೆ ದಾಟಿ ಬಂದರು, ಬಾನೆಟ್ಟಿಗೆ ಕೈ ಊರಿ ನಿಂತು ಕೇಳಿದರು, ಏನಂತಪ, ನಾನೇನಾರ ತಪ್ಪು ಮಾಡಿದ್ನೇನು. ಎಂಥ ಪ್ರಶ್ನೆ ಕೇಳಿದರು ಅವರು, ಬಾಗಿಲು ತೆರೆದಿಟ್ಟು ಕರೆದ ಹಾಗಿತ್ತು, ಇಲ್ಲ ಮಾವ ಅಂದಿದ್ದರೆ ಮುಗಿಯುತ್ತಿತ್ತು, ಎರಡು ಏಟು ಬಿದ್ದಿದ್ದರೂ ತಿನ್ನಬಹುದಿತ್ತು, ಅವರು ಹೊಡೆಯುವವರೂ ಅಲ್ಲ. ನನ್ನ ಕಣ್ಣು ಕಾರಿನೊಳಗೆ ಹೋಯಿತು, ಅಗಲವಾದ ಬ್ರೇಕ್ ಪೆಡಲ್, ಅದರ ಪಕ್ಕ ಅವರು ಎಡಗಾಲು ಇಡುವ ಜಾಗ, ನಾಲಗೆ ಅಲ್ಲಿಂದಲೇ ಮಾತು ಎತ್ತಿಕೊಂಡಿತು. ಇರಬಹುದ್ರಿ ಮಾವ, ನಿಮ್ಮ ಕಟ್ಟಿಗಿ ಕಾಲು ಬ್ರೇಕಿನ ಮ್ಯಾಲೆ ಕುಂತಿತ್ತೇನೋ, ಬ್ರೇಕ್ ಹಿಡಕಂಡೇ ಗುಡ್ಡ ಹತ್ತಿದ್ರ ಗೇರ್ ಸುಡ್ತದ, ನಿಮಗ ಗೊತ್ತಾಗಂಗಿಲ್ಲಲ್ಲ. ನಿಮಗ ಗೊತ್ತಾಗಂಗಿಲ್ಲಲ್ಲ! ಅದೇ ನನ್ನ ಜಾಣತನ, ಸುಳ್ಳಿಗೆ ಸಾಕ್ಷಿ ಇಲ್ಲದ ಜಾಗ ಹುಡುಕಿದೆ, ಅವರ ಮೈಯಲ್ಲಿ ಅವರಿಗೇ ತಿಳಿಯದ ಒಂದೇ ಒಂದು ಜಾಗ ಅದು, ಅಲ್ಲಿ ಹೋಗಿ ನನ್ನ ತಪ್ಪನ್ನು ಇಟ್ಟು ಬಂದೆ. ಮಾವ ಕಾಲಿನ ಕಡೆ ನೋಡಿಕೊಂಡರು. ಹನ್ನೆರಡು ವರ್ಷದಾಗ ಹಂಗ ಆಗಿಲ್ಲಲ್ಲೋ, ಅಂದರು. ನಾನು ಬಾಗಿ ಪಾನಾಗಳನ್ನು ಆರಿಸತೊಡಗಿದೆ. ಆಗಿರಬೇಕು ಬಿಡು, ಅಂದರು ಅವರೇ, ಕೂಸಿನ ಕಡಿ ಲಕ್ಷ್ಯ ಇತ್ತು, ಆಗಿರಬೇಕು. ರಾತ್ರಿ ಅಳಿಯನ ಮನೆಯಲ್ಲಿ ಬೀಗರ ಮುಂದೆ ಕೈ ಮುಗಿದು ಅವರು ಅದನ್ನೇ ಹೇಳಿದರು, ನನ್ನ ಕಾಲಿಂದ ಆತ್ರಿ, ಮನ್ಯಾಗಿನ ಕೂಸು ಇತ್ತು ಗಾಡ್ಯಾಗ, ಏನಾರ ಆಗಿದ್ರ. ನಾನು ತಟ್ಟೆ ನೋಡುತ್ತಾ ಹೋಳಿಗೆ ತಿಂದೆ. ಎರಡನೆಯದನ್ನೂ ಹಾಕಿಸಿಕೊಂಡು ತಿಂದೆ, ಬೇಡವೆಂದರೆ ಯಾಕೆ ಎಂದು ಯಾರಾದರೂ ಕೇಳಿಯಾರು ಅಂತ.

ಬುಕ್ಕಸಾಗರ ಹೋಯಿತು, ನಾನು ಹೇಳಲಿಲ್ಲ. ಕಾಲುವೆ ರಸ್ತೆಯ ಪಕ್ಕಕ್ಕೆ ಬಂತು, ತುಂಬಿ ಹರಿಯುತ್ತಿದೆ, ಎರಡೂ ಕಡೆ ಹಸಿರು, ನಾಟಿ ಮಾಡುವ ಹೆಂಗಸರು ಸೊಂಟಕ್ಕೆ ಕೈ ಕೊಟ್ಟು ನಮ್ಮನ್ನು ನೋಡುತ್ತಾರೆ. ಬೆಳಿಗ್ಗೆ ಎರ್ರೆಪ್ಪ ಟ್ರ್ಯಾಕ್ಟರ್ ತಂದಾಗ ನಾನೇ ಸ್ಟೇರಿಂಗ್ ಹಿಡಿಯುತ್ತೇನೆ ಅಂದೆ, ಬ್ಯಾಡ, ಊರ ತನಕ ನಾನೇ ಹಿಡೀತೀನಿ, ಕಡೀ ಸಲ, ಅಂದರು, ಎರ್ರೆಪ್ಪ ಕೇಳದವನ ಹಾಗೆ ಹಗ್ಗಕ್ಕೆ ಗಂಟು ಹಾಕಿದ. ಆವಾಗಿನಿಂದ ನೋಡುತ್ತಿದ್ದೇನೆ, ಅವರ ಎಡಗೈಯನ್ನು. ಹಗ್ಗ ಸಡಿಲಾದಾಗಲೆಲ್ಲ ಬಲಗಾಲಿನಿಂದ ಬ್ರೇಕ್ ಒತ್ತಬೇಕು, ಒತ್ತುತ್ತಾರೆ, ಬಿಡುತ್ತಾರೆ, ಕೂಡಲೇ ಎಡಗೈ ಸ್ಟೇರಿಂಗ್ ಬಿಟ್ಟು ಕೆಳಗೆ ಹೋಗುತ್ತದೆ, ಪಂಚೆಯ ಮೇಲಿಂದ ಮರದ ಕಾಲನ್ನು ತಡವುತ್ತದೆ, ಎಲ್ಲಿದೆ ಅಂತ ನೋಡುತ್ತದೆ, ಮೊಣಕಾಲು ಹಿಡಿದು ಆಚೆ ಸರಿಸುತ್ತದೆ. ಹನ್ನೆರಡು ವರ್ಷ ಅವರು ಆ ಕಾಲನ್ನು ಮುಟ್ಟಿ ನೋಡಿದವರಲ್ಲ. ದೋಣಿಮಲೈಯಿಂದ ಇಲ್ಲಿಯವರೆಗೆ ನೂರು ಸಲ ಆಗಿರಬೇಕು, ಕೈ ಕೆಳಗೆ, ತಡವಿ, ಸರಿಸಿ, ಕೈ ಮೇಲೆ. ಈಗ ಹೇಳು. ಮಾವ. ಹಗ್ಗ ಸಡಿಲಾಯಿತು, ಬ್ರೇಕ್, ಕೈ ಕೆಳಗೆ. ಹೇಳಿದರೆ ಏನಾಗುತ್ತದೆ, ಪಕ್ಕೀರಪ್ಪನಿಗೆ ಗೊತ್ತಿಲ್ಲ ಅಂತ ಊರಿಗೆ ತಿಳಿಯುತ್ತದೆ, ಪೈಜಾಮದ ಮಿಸ್ತ್ರಿ ನಗುತ್ತಾನೆ, ಇಷ್ಟೇ, ಇಷ್ಟಕ್ಕೆ ಒಬ್ಬ ಮನುಷ್ಯನ ಕಾಲನ್ನು ಎರಡನೇ ಸಲ ಕತ್ತರಿಸಿದೆನಲ್ಲ, ಥೂ ನನ್ನ ಜನ್ಮಕ್ಕೆ.

ರಾಮಸಾಗರದಲ್ಲಿ ಎರ್ರೆಪ್ಪ ಚಹಕ್ಕೆ ನಿಲ್ಲಿಸಿದ. ಮಾವ ಇಳಿಯಲಿಲ್ಲ, ಗ್ಲಾಸನ್ನು ಕಿಟಕಿಯಲ್ಲೇ ತೆಗೆದುಕೊಂಡರು, ಅರ್ಧ ಕುಡಿದು ಅಂದರು, ಪಕ್ಕೀರ, ಒಂದು ಮಾತು ವಿಚಾರ ಮಾಡೀನಿ. ಏನ್ರಿ? ಈ ಗಾಡಿ ನೀನಿಟ್ಟುಕೋ. ನನಗೆ ಕೇಳಿದ್ದು ಸರಿಯೋ ಅಂತ ನೋಡಿದೆ. ಹೌದಪ, ರಿಪೇರಿ ಮಾಡ್ಕ್ಯಾ, ನಿನ್ನ ಕೈಗೆ ಎಲ್ಲಾ ಗೊತ್ತದ, ಎರಡೂ ಕಾಲು ಚಲೋ ಅದಾವು, ನಿನ್ನ ಹೆಂಡ್ತಿ ಮಕ್ಕಳು ಕುಂದ್ರಲಿ, ನಾ ಇನ್ನ ಓಡ್ಸಂಗಿಲ್ಲ, ಕೂಸು ಕುಂತಿತ್ತು ಹಿಂದ, ರಾತ್ರಿ ಎಲ್ಲಾ ಅದೇ ಬರ್ತದ ಕಣ್ಣಮುಂದ. ಎಲ್ಲಿಗ್ಯಾರ ಹೋಗಬೇಕಂದ್ರ? ಅಂತ ಕೇಳಿದೆ, ಅದನ್ನೇಕೆ ಕೇಳಿದೆ. ಹಮಾಲರು ಅದಾರಲ್ಲ, ಅಂದರು, ನಕ್ಕರು, ಆ ನಗು ನೋಡಲಾರದೆ ಚಹದ ಗ್ಲಾಸಿನ ತಳ ನೋಡಿದೆ. ಮಾವ, ಅಂದೆ. ಅಂದೇಬಿಟ್ಟೆ, ಅವರು ತಿರುಗಿದರು, ಏನು? ಎಣ್ಣಿ... ಅಂದೆ. ಎಣ್ಣಿ ಏನು? ಅವರ ಕಣ್ಣಿನಲ್ಲಿ ಸಂಶಯವಿದ್ದಿದ್ದರೆ ಹೇಳುತ್ತಿದ್ದೆನೇನೋ, ಇರಲಿಲ್ಲ, ಸ್ವಲ್ಪವೂ ಇರಲಿಲ್ಲ. ಏನಿಲ್ರಿ, ಹೊಸ ಎಣ್ಣಿ ತರಬೇಕು, ಅಂದೆ. ತರಾಣಂತ, ಅಂದರು. ಎರ್ರೆಪ್ಪ ಟ್ರ್ಯಾಕ್ಟರ್ ಚಾಲೂ ಮಾಡಿದ. ತಡೀಪ, ಅಂತ ಮಾವ ಕೂಗಿ, ಪಂಚೆ ಸರಿಸಿ, ಮೊಣಕಾಲ ಕೆಳಗಿನ ಎರಡು ಚರ್ಮದ ಪಟ್ಟಿ ಬಿಚ್ಚಿ, ಬೂಟು ಸಮೇತ ಮರದ ಕಾಲನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹಿಡಕಾ, ಮುಂದ ಊರು ಬಂತು, ಜನ ಇರ್ತಾರ, ಇದು ಮತ್ತ ಬ್ರೇಕಿನ ಮ್ಯಾಲೆ ಹೋಗಬಾರ್ದು.

ನನ್ನ ತೊಡೆಯ ಮೇಲಿದೆ, ಇನ್ನೂ ಬೆಚ್ಚಗಿದೆ, ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ, ಎಲ್ಲಿ ಹಿಡಿಯಬೇಕು, ಪಾದ ಹಿಡಿಯಬೇಕೋ, ಬೂಟಿಗೆ ನಿನ್ನೆ ಪಾಲಿಶ್ ಮಾಡಿದ್ದಾರೆ, ಬೀಗರ ಮನೆಗೆ ಅಂತ, ಕಂಪ್ಲಿಯ ಗಿರಣಿಗಳ ಹೊಗೆ ಕಾಣುತ್ತಿದೆ, ಹೇಳು, ಈಗಲಾದರೂ ಹೇಳು, ಸಂತೆಯ ಜನ, ಸೈಕಲ್ಲುಗಳು, ಎರ್ರೆಪ್ಪ ವೇಗ ತಗ್ಗಿಸುತ್ತಾನೆ, ಹಗ್ಗ ಸಡಿಲಾಗುತ್ತದೆ, ಮಾವ ಬಲಗಾಲಿನಿಂದ ಬ್ರೇಕ್ ಒತ್ತುತ್ತಾರೆ, ಬಿಡುತ್ತಾರೆ, ಎಡಗೈ ಸ್ಟೇರಿಂಗ್ ಬಿಟ್ಟು ಕೆಳಗೆ ಹೋಗುತ್ತದೆ, ಖಾಲಿ ಪಂಚೆಯೊಳಗೆ ತಡವುತ್ತದೆ, ಕಾಲು ಎಲ್ಲಿದೆ ಅಂತ ಹುಡುಕುತ್ತದೆ, ಅಲ್ಲಿ ಏನೂ ಇಲ್ಲ, ಕೈ ಮೇಲೆ ಬರುತ್ತದೆ, ಮತ್ತೆ ಹಗ್ಗ, ಮತ್ತೆ ಬ್ರೇಕ್, ಕೈ ಮತ್ತೆ ಕೆಳಗೆ ಹೋಗುತ್ತದೆ, ಹುಡುಕುತ್ತದೆ